ಬ್ಯಾಡಗಿ ರಸ್ತೆಯೊಳಗೆ ಗೋವಿನಜೋಳ

"ಸಾಹೇಬ್ರ, ಮ್ಯಾಲೆ ಏಳ್ರಿ. ಮಂದಿ ನೋಡಾಕತ್ತಾರ," ಎಂದ ಹವಾಲ್ದಾರ ತಿರಕಪ್ಪ.

ನೋಡದೆ ಏನು ಮಾಡಿಯಾರು? ಇನ್‌ಸ್ಪೆಕ್ಟರ್ ಕೊಟ್ರೇಶ ಬ್ಯಾಡಗಿ ಹತ್ತಿರದ ಹೊಸ ಹೆದ್ದಾರಿಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಖಾಕಿ ಪ್ಯಾಂಟು ಡಾಂಬರಿಗೆ ಅಂಟಿಕೊಂಡೀತೆಂಬ ಪರಿವೆಯೂ ಇಲ್ಲದೆ ಮೊಣಕಾಲೂರಿ ಕುಳಿತಿದ್ದ. ಕೈಯಲ್ಲಿ ಜೀಪಿನ ಸ್ಕ್ರೂಡ್ರೈವರ್. ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನೊಬ್ಬ ಗಾಡಿ ನಿಧಾನ ಮಾಡಿದ. ಪೊಲೀಸರ ಕಿಸೆಯಿಂದ ಏನೋ ಬಿದ್ದಿರಬೇಕೆಂದು ತಾನೂ ರಸ್ತೆಯ ಮೇಲೆ ಕಣ್ಣಾಡಿಸಿ, ಏನೂ ಕಾಣದೆ ನಿರಾಶನಾಗಿ ಮುಂದೆ ಹೋದ.

ಕೊಟ್ರೇಶನ ಎದುರಿಗೆ ತಾಟಿನ ಅಗಲದ ಒಂದು ದುಂಡನೆಯ ಕಪ್ಪು ತೇಪೆ ಇತ್ತು. ರಸ್ತೆ ಗಟ್ಟಿಯಿದೆಯೋ ಪೊಳ್ಳೋ ನೋಡಲು ಯಂತ್ರ ಹಚ್ಚಿ ದುಂಡಗೆ ಕೊರೆದು ಒಂದು ತುಂಡು ತೆಗೆಯುತ್ತಾರೆ. ಇಂಜಿನಿಯರುಗಳು ಅದನ್ನು ಕೋರ್ ಎನ್ನುತ್ತಾರೆ. ತೆಗೆದ ಮೇಲೆ ತೂತಿಗೆ ಡಾಂಬರು ತುಂಬಿ ಮುಚ್ಚುತ್ತಾರೆ. ಅಂದಮೇಲೆ ತೇಪೆಯ ಕೆಳಗೆ ಗೇಣುದ್ದ ಹೊಸ ಡಾಂಬರು ಇರಬೇಕು.

ಅವನು ಸ್ಕ್ರೂಡ್ರೈವರ್ ಒತ್ತಿದ. ಉಗುರಿನಷ್ಟು ಒಳಗೆ ಹೋಗಿ ಟಕ್ಕೆಂದು ನಿಂತಿತು. ಅಂಚಿಗೆ ಕೊಟ್ಟು ಎಬ್ಬಿಸಿದರೆ ತೇಪೆ ಹಂಚಿನಿಂದ ದೋಸೆ ಎದ್ದಂತೆ ಇಡಿಯಾಗಿ ಎದ್ದು ಬಂತು. ಕೆಳಗೆ ಯಾವ ಯಂತ್ರವೂ ಮುಟ್ಟದ ರಸ್ತೆ.

"ತೂತ ಇಲ್ಲಲ್ರೀ!" ಎಂದ ತಿರಕಪ್ಪ. "ಹರೀಲಾರದ ಅರಿವಿಗೆ ಯಾರರ ತ್ಯಾಪಿ ಹಚ್ಚತಾರೇನ್ರಿ?"

"ಕೋರ್ ತಗದೇವಿ ಅಂತ ತೋರಸಬೇಕಿತ್ತು. ತೋರಿಸ್ಯಾರ."

"ಹಂಗಾರ ಜೀಪಿನಾಗ ಗೋಣಿಚೀಲದಾಗ ಇರೂ ಕೋರ್ ಎಲ್ಲೀದು?"

ಕೊಟ್ರೇಶನಿಗೆ ಬೆಳಿಗ್ಗೆಯಿಂದ ಕೊರೆಯುತ್ತಿದ್ದ ಪ್ರಶ್ನೆಯೂ ಅದೇ. ಮೊದಲ ಅಡ್ಡಮಳೆಗೇ ಇಲ್ಲಿ ರಸ್ತೆ ಕುಸಿದು, ಮೆಣಸಿನಕಾಯಿ ತೊಟ್ಟು ಬಿಡಿಸಲು ಹೊರಟಿದ್ದ ಹೆಂಗಸರ ಟೆಂಪೊ ಉರುಳಿ, ಫಕ್ಕೀರವ್ವ ಎಂಬಾಕೆ ಸತ್ತಿದ್ದಳು. ರಸ್ತೆ ಮಾತ್ರ ಪರೀಕ್ಷೆಯಲ್ಲಿ ಪಾಸಾಗಿತ್ತು. ಸುಳ್ಳು ಪರೀಕ್ಷೆ ಮಾಡಿದನೆಂದು ಲ್ಯಾಬಿನ ಹುಡುಗ ತೌಹೀದನನ್ನು ರಾಣೆಬೆನ್ನೂರಿನ ಅವನ ಮನೆ ಬಾಗಿಲಲ್ಲೇ, ಅವನ ತಾಯಿಯ ಕಣ್ಣೆದುರೇ ಬೇಡಿ ಹಾಕಿ ಎಳೆದುಕೊಂಡು ಬಂದವನು ಈ ಕೊಟ್ರೇಶನೇ. ಕೋರುಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ಇದ್ದದ್ದು ತೌಹೀದನ ಕೈಬರಹ. ಅಷ್ಟು ಸಾಕೆನಿಸಿತ್ತು.

ಈಗ ಅಷ್ಟು ಸಾಲದು ಅನಿಸತೊಡಗಿತ್ತು. ಕೊಟ್ರೇಶ ಜೀಪಿನ ಬಾನೆಟ್ಟಿನ ಮೇಲೆ ಗೋಣಿಚೀಲ ಬಿಚ್ಚಿದ. ಕೋರು ನಿಂತಿತು, ಕರಿ ಬೆಲ್ಲದ ಅಚ್ಚಿನ ಹಾಗೆ. ಚೀಟಿಯಲ್ಲಿ ಬ್ಯಾಡಗಿ ಎಂದಿತ್ತು.

"ತಿರಕಪ್ಪ, ಈ ರಸ್ತಾದ ಮೈ ನೋಡು. ಏನ ಕಾಣತೈತಿ?"

"ಏನ್ ಕಾಣೂದ್ರಿ? ಮೆಣಸಿನ ಬೀಜ."

ಹೌದು. ಅದು ಯಾರಿಗೂ ಹೊಸದಲ್ಲ. ಗಾಡಿ ಬಿಡುವ ಮೊದಲು ಈ ರಸ್ತೆ ಇಡೀ ಸುಗ್ಗಿ ಖಾಲಿ ಬಿದ್ದಿತ್ತು. ಬ್ಯಾಡಗಿಯ ಸುತ್ತಿನವರು ಅಷ್ಟು ಚಂದದ ಕರಿ ಅಂಗಳವನ್ನು ಖಾಲಿ ಬಿಡುವಷ್ಟು ಉದಾರಿಗಳಲ್ಲ. ಕೆಂಪಗೆ ಮೆಣಸಿನಕಾಯಿ ಹರವಿದರು, ತಿರುವಿದರು, ತುಳಿದರು. ಬಿಸಿಲಿಗೆ ಮೆತ್ತಗಾದ ಡಾಂಬರಿನೊಳಗೆ ಬೀಜ ಕೂತುಬಿಟ್ಟವು. ಎಲ್ಲಿ ನೋಡಿದರೂ ಹಳದಿ ಚುಕ್ಕೆ.

ಬಾನೆಟ್ಟಿನ ಮೇಲಿದ್ದ ಕೋರಿನ ತಲೆಯಲ್ಲಿ ಒಂದೂ ಮೆಣಸಿನ ಬೀಜ ಇರಲಿಲ್ಲ. ಅಲ್ಲಿ ಒತ್ತಿಕೊಂಡು ಕೂತದ್ದು ಗೋವಿನಜೋಳದ ಹೊಟ್ಟು, ಒಂದು ಒಡೆದ ಕಾಳು ಕೂಡ. ತಿರಕಪ್ಪ ಬಗ್ಗಿ ನೋಡಿದ. ಅವನ ಮುಖದ ತಮಾಷೆ ಹೋಯಿತು.

"ಗೋವಿನಜ್ವಾಳ ಒಣಹಾಕಿದ್ದು ಈ ರಸ್ತಾದ ಹಲಗೇರಿ ಕಡೀಗಿ," ಎಂದ ಮೆಲ್ಲಗೆ. "ನಿಮ್ಮೂರ ಕಡೀಗಿ."

"ನಡಿ ಹಂಗಾರ, ನಮ್ಮೂರಿಗಿ."

ದಾರಿಯುದ್ದಕ್ಕೂ ಕೊಟ್ರೇಶ ಒಬ್ಬನ ಹೆಸರನ್ನೇ ಮನಸ್ಸಿನಲ್ಲಿ ತಿರುವುತ್ತಿದ್ದ. ಗುತ್ತಿಗೆದಾರನ ಸೈಟ್ ಮ್ಯಾನೇಜರ್ ಮಾಂತೇಶ. ಕೂಲಿಂಗ್ ಗ್ಲಾಸು, ಎರಡು ಫೋನು, ಕೇಳಿದ್ದಕ್ಕೆಲ್ಲ "ನೋಡೂಣ್ರಿ" ಎನ್ನುವ ಬಾಯಿ. ಒಳ್ಳೆಯ ಡಾಂಬರು ಬಿದ್ದ ಹಲಗೇರಿಯಲ್ಲಿ ಕೋರ್ ತೆಗೆಸಿ ಬ್ಯಾಡಗಿಯದೆಂದು ತೋರಿಸುವುದು ಅವನಂಥವನಿಗೆ ಹೇಳಿ ಮಾಡಿಸಿದ ಕೆಲಸ. ಮಾಂತೇಶನೇ ಆಗಿರಲಿ ಎಂದು ಕೊಟ್ರೇಶನ ಆಸೆ. ತನಿಖೆ ಮಾಡುವವನಿಗೆ ಇಂಥ ಆಸೆ ಇರಬಾರದು. ಆದರೆ ಅವನಿಗೆ ಕಾರಣವಿತ್ತು.

ಈ ಹೆದ್ದಾರಿಗೆ ದುಡ್ಡು ಕೊಟ್ಟದ್ದು ಕೇಂದ್ರ. ಮೊದಲಾಗಿದ್ದರೆ ಪರೀಕ್ಷೆಗೂ ದಿಲ್ಲಿಯವರೇ ಬರುತ್ತಿದ್ದರು. ಹೋದ ವರ್ಷ ಆ ಮೇಲ್ವಿಚಾರಣೆಯನ್ನು ರಾಜ್ಯಕ್ಕೆ ಬಿಟ್ಟುಕೊಟ್ಟು, ಮೊದಲು ಒಂದು ರಸ್ತೆಯಲ್ಲಿ ಮಾಡಿ ತೋರಿಸಿ ಅಂದರು. ಆರಿಸಿದ್ದು ಇದೇ ರಾಣೆಬೆನ್ನೂರು–ಬ್ಯಾಡಗಿ ರಸ್ತೆ. ಅದಕ್ಕಾಗಿ ಹಾವೇರಿಯಲ್ಲಿ ಒಂದು ಕಾವಲು ಘಟಕ ತೆರೆದರು. ಉದ್ಘಾಟನೆಯ ದಿನ ಘಟಕದ ಮುಖ್ಯಸ್ಥೆ ಮೈಕು ಹಿಡಿದು, "ರೊಕ್ಕ ಯಾರದರ ಇರಲಿ, ಕಣ್ಣು ನಮ್ಮವು ಇರ್ತಾವು" ಎಂದಾಗ ಮಂಟಪವಿಡೀ ಚಪ್ಪಾಳೆ ಬಿದ್ದಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕೊಟ್ರೇಶ. ಮೈಕಿನ ಮುಂದಿದ್ದವಳು ಶ್ವೇತಾ, ಅವನ ಸ್ವಂತ ಅಕ್ಕ.

ಕೇಸು ಕೈಗೆ ಬಂದಾಗ ಅವನು ಮೇಲಿನವರಿಗೆ ಇದನ್ನು ಹೇಳಿದ್ದ. "ಅವರದು ಬರೀ ವರದಿ ನೋಡೋ ಕೆಲಸ ಕಣ್ರೀ, ಸಂಶಯ ಇರೋದು ಲ್ಯಾಬಿನವರ ಮೇಲೆ" ಅಂದಿದ್ದರು. ಸರಿ ಸರ್ ಎಂದು ಸೆಲ್ಯೂಟು ಹೊಡೆದು ಬಂದಿದ್ದ. ನಿಜ ಹೇಳಬೇಕೆಂದರೆ ಅವನಿಗೂ ಅದೇ ಬೇಕಾಗಿತ್ತು.

ಹಲಗೇರಿಯ ಅಂಚಿನಲ್ಲಿ ಅಲ್ಲಿಯ ಪರೀಕ್ಷೆಯದೆಂದು ಗುರುತು ಹಾಕಿದ ತೇಪೆಗಳು ಸಿಕ್ಕವು. ಪ್ರತಿಯೊಂದರ ಮಗ್ಗುಲಿಗೂ ಗುರುತಿಲ್ಲದ ಇನ್ನೊಂದು ತೇಪೆ ಇತ್ತು, ಜೋಡಿ ಎತ್ತಿನ ಹಾಗೆ. ಕೊಟ್ರೇಶ ಗುರುತಿಲ್ಲದ ಒಂದಕ್ಕೆ ಸ್ಕ್ರೂಡ್ರೈವರ್ ಹಾಕಿದ. ಹಿಡಿಯವರೆಗೂ ಇಳಿಯಿತು. ಬ್ಯಾಡಗಿಯ ಕೋರು ಹುಟ್ಟಿದ ಊರು ಇದೇ.

"ಹುಡುಕೂದೇನೈತ್ರಿ? ಕೇಳಿದ್ರ ನಾ ಹೇಳತಿರಲಿಲ್ಲೇನು?" ಎಂದು ರಸ್ತೆ ಬದಿಯಿಂದ ಒಂದು ದನಿ ಬಂತು.

ಬಿಬಿಜಾನ್. ರಸ್ತೆಗೆ ಆತುಕೊಂಡೇ ಇದ್ದ ಮನೆ. ಹೊರಸಿನ ಮೇಲೆ ಶ್ಯಾವಿಗೆ ಒಣಹಾಕಿ ಕಾಗೆ ಕಾಯುತ್ತ ಕುಳಿತಿದ್ದಳು. ಕೊಟ್ರೇಶನನ್ನು ಚಡ್ಡಿಯಲ್ಲಿ ಓಡಾಡುವಾಗಿನಿಂದ ಬಲ್ಲವಳು. ಹೀಗಾಗಿ ಖಾಕಿಗೆ ಆಕೆಯ ಹತ್ತಿರ ಅಂಥ ಮರ್ಯಾದೆ ಏನೂ ಇರಲಿಲ್ಲ.

"ಯಾರ ಕೊರದ್ರು ಚಾಚಿ?"

"ಮಷಿನ್ ತಂದು ಕೊರದ್ರಪಾ. ನೀರ ಬಿಟಗೋತ ಕೊರೀತಾರ, ಕೆಸರ ಹಾರಿ ನನ್ನ ಶ್ಯಾವಿಗಿ ಮ್ಯಾಲೆ ಬಿತ್ತು. ನಾ ಬಾಯಿ ಮಾಡಿದೆ. ಬಿಡತೇನೇನು?"

"ಮಾಂತೇಶ ಅಂತ ಇದ್ನೇನು? ಕರಿ ಚಶ್ಮಾ ಹಾಕ್ಕೊಂಡಾಂವ?"

"ಯಾವ ಚಶ್ಮಾದಾಂವೂ ಇರಲಿಲ್ಲ. ಆ ಬಡಪಾಯಿ ತೌಹೀದ ಇದ್ದ, ದೌಲತಬಿ ಮಗ. ಒಲ್ಲೆ ಒಲ್ಲೆ ಅನಕೋತ ನಿಂತಿದ್ದ. ಮತ್ತ ನಿಮ್ಮಕ್ಕಾರು ಇದ್ರು."

ಕೊಟ್ರೇಶನ ಕೈ ಸ್ಕ್ರೂಡ್ರೈವರಿನ ಮೇಲೆ ಹಾಗೇ ನಿಂತಿತು.

ಬಿಬಿಜಾನ್‌ಗೆ ಅದೇನೂ ಕಾಣಲಿಲ್ಲ. "ನಾ ಬೈದಿದ್ದಕ್ಕ ಶ್ವೇತಾ ಜೀಪಿನಿಂದ ಇಳದು ಬಂದು, ಸೆರಗ ಕಟ್ಟಿ, ತಾನ ಕೈಹಚ್ಚಿ ಹೊರಸ ಒಳಗ ಇಡಿಸಿದ್ಲು ನೋಡು. ಅಷ್ಟ ದೊಡ್ಡ ಆಫೀಸರ್ರು! ನಮ್ಮೂರ ಹುಡುಗಿ ಅಂದ್ರ ಹಂಗಿರಬೇಕು. ಮಂದಿ ಮುಂದ ಹೇಳಿ ಹೇಳಿ ನನಗ ಸಾಕಾಗೈತಿ."

ತಿರಕಪ್ಪ ಹಠಾತ್ತನೆ ಆಕಾಶದಲ್ಲಿ ಮೋಡ ಹುಡುಕತೊಡಗಿದ. ಒಂದೂ ಇರಲಿಲ್ಲ. ಕೊಟ್ರೇಶನ ಮುಖ ಕಿವಿಯವರೆಗೆ ಬಿಸಿಯಾಯಿತು. ಚಾಚಿಯ ಹೊಗಳಿಕೆ ಇನ್ನೂ ಮುಗಿದಿರಲಿಲ್ಲ. ಬೈಗುಳವಾಗಿದ್ದರೆ ನಿಂತು ಕೇಳಬಹುದಿತ್ತು. ಇದನ್ನು ಕೇಳಲಾಗದೆ ಅವನು ಜೀಪು ಹತ್ತಿದ.

"ಹಾವೇರಿಗಿ ಹೊಡಿ," ಎಂದ.

ಮಧ್ಯಾಹ್ನದ ಮೇಲೆ ತೌಹೀದನನ್ನು ರಾಣೆಬೆನ್ನೂರಿನ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಅಷ್ಟರೊಳಗೆ ಮಾತಾಡಿದರೆ ಹುಡುಗ ಮನೆಗೆ ಹೋಗುತ್ತಾನೆ, ಅಕ್ಕ ಒಳಗೆ ಹೋಗುತ್ತಾಳೆ. ಮಾತಾಡದಿದ್ದರೆ ಹುಡುಗ ಜೈಲಿಗೆ. ನಡುವೆ ಮೂರನೆಯ ದಾರಿ ಏನಾದರೂ ಉಂಟೋ ಎಂದು ಕೊಟ್ರೇಶ ಹಾವೇರಿ ಬರುವವರೆಗೂ ಹುಡುಕಿದ. ಹುಡುಕುತ್ತಿದ್ದೇನೆ ಎಂಬುದೇ ಅವನಿಗೆ ನಾಚಿಕೆಯ ಸಂಗತಿಯಾಗಿತ್ತು.

ಶ್ವೇತಾ ಕಚೇರಿಯ ಹಿಂದಿನ ಕೋಣೆಯಲ್ಲಿದ್ದಳು. ಗೋಡೆಗುಂಟ ಕಬ್ಬಿಣದ ಕಪಾಟು, ಅದರ ತುಂಬ ಬೇರೆ ಬೇರೆ ರಸ್ತೆಯ ಕೋರುಗಳು. ತಮ್ಮನನ್ನು ಕಂಡವಳೇ ಕನ್ನಡಕ ತೆಗೆದು ನಕ್ಕಳು.

"ಊಟ ಆತೇನೋ ಕೊಟ್ರ್ಯಾ? ಮಾರಿ ಎಷ್ಟ ಸಣ್ಣದಾಗೈತಿ. ಡಬ್ಬಿ ಐತಿ, ತಿನ್ನು ಬಾ."

ಕೊಟ್ರೇಶ ಬಾಗಿಲು ಮುಚ್ಚಿದ. ಕೋರನ್ನು ಅವಳ ಮೇಜಿನ ಮೇಲೆ, ಊಟದ ಡಬ್ಬಿಯ ಪಕ್ಕದಲ್ಲೇ ಇಟ್ಟ.

"ಇದು ಎಲ್ಲೀದು ಅಕ್ಕಾ?"

"ಚೀಟಿ ಐತೆಲ್ಲ."

"ಚೀಟಿ ಬ್ಯಾಡಗಿ ಅಂತೈತಿ. ನಾ ಕೇಳಿದ್ದು ನಿನ್ನ."

ಅವಳು ಕೋರನ್ನು ತನ್ನ ಕಡೆ ಎಳೆದುಕೊಂಡಳು. ಮೇಲ್ಮೈ ಮೇಲೆ ಹೆಬ್ಬೆರಳಾಡಿಸಿದಳು. ಒಡೆದ ಕಾಳಿನ ಹತ್ತಿರ ಬೆರಳು ನಿಂತಿತು. ಹಲಗೇರಿಯ ಮಗಳಿಗೆ ಗೋವಿನಜೋಳದ ಹೊಟ್ಟಿನ ಪರಿಚಯ ಮಾಡಿಸಬೇಕಾದ ಅಗತ್ಯವಿರಲಿಲ್ಲ. ಅವಳು ಒಂದು ವಿಚಿತ್ರ ನಗೆ ನಕ್ಕಳು.

"ದಿಲ್ಲಿಯವರ ಕಣ್ಣಿಗೆ ಇದು ಜನ್ಮಕ್ಕೂ ಬೀಳತಿರಲಿಲ್ಲ," ಎಂದಳು.

"ಹೌದು. ನಮ್ಮವರ ಕಣ್ಣಿಗೆ ಬಿತ್ತು. ಬಿಬಿಜಾನ್ ಚಾಚಿ ಎಲ್ಲಾ ಹೇಳ್ಯಾಳ. ನೀ ಆಕಿ ಹೊರಸ ಹೊತ್ತಿದ್ದೂ ಹೇಳ್ಯಾಳ."

ಶ್ವೇತಾ ಕುರ್ಚಿಯಲ್ಲಿ ಕೂತಳು. ಅಲ್ಲಗಳೆಯುತ್ತಾಳೆ, ಕೂಗಾಡುತ್ತಾಳೆ ಎಂದು ಅವನು ಎಣಿಸಿದ್ದ. ಅವಳು ಎರಡೂ ಮಾಡಲಿಲ್ಲ.

"ಮೊದಲ ಬ್ಯಾಡಗಿಯೊಳಗs ತಗಸಿದೆ. ಒಂದs ಒಂದು. ಯಂತ್ರದಿಂದ ಹೊರಗ ತಗಿಯೂದರಾಗ ಕೈಯಾಗ ಪುಡಿಪುಡಿ ಆಗಿ ಹೋತು, ಒಣಗಿದ ಮಾದಲಿ ಹಂಗ. ಅಲ್ಲೇ ಬಂದ್ ಮಾಡಿಸಿದೆ."

"ಫೇಲ್ ಅಂತ ಬರೀಬೇಕಿತ್ತು."

"ಅದು ಮೊದಲ್ನೇ ವರದಿ ಇತ್ತೋ! ರಾಜ್ಯದವರು ತಾವs ಮಾಡಿದ ಮೊದಲ್ನೇ ಪರೀಕ್ಷಾ. ಬೆಂಗಳೂರಿನಿಂದ ದಿನಾ ಫೋನು, ಹೆಂಗ ಬರತೈತಿ, ಹೆಂಗ ಬರತೈತಿ ಅಂತ. ಫೇಲ್ ಅಂತ ಬರದಿದ್ರ ದಿಲ್ಲಿಯವರು ಏನಂತಿದ್ರು? ನೋಡ್ರಿ, ಇವರ ಕೈಯಾಗ ಕೊಟ್ಟಿದ್ದs ತಪ್ಪಾತು ಅಂತಿದ್ರು. ಕೊಟ್ಟಿದ್ದನ್ನ ವಾಪಸ್ ಕಸಗೊಂತಿದ್ರು. ಎಲ್ಲಾರ ಮುಂದ ನಮ್ಮ ಮಾನ ಹೋಗತಿತ್ತು."

"ರಸ್ತಾ ಕೆಡಿಸಿದಾಂವ ಮಾಂತೇಶ. ನೀ ಹಿಡಿದಿದ್ರ ಅದು ನಿನ್ನ ಹೆಚ್ಚುಗಾರಿಕಿ ಆಗತಿತ್ತಲ್ಲ ಅಕ್ಕಾ?"

ಈ ಮಾತು ಅವಳ ತಲೆಗೆ ಅಂದು ಹೊಳೆದೇ ಇರಲಿಲ್ಲವೆಂದು ಅವನಿಗೆ ಮುಖ ನೋಡಿಯೇ ತಿಳಿಯಿತು.

"ಮಳಿಗಾಲ ಬರೂದರೊಳಗ ಕಿತ್ತಿ ಹೊಸಾದು ಹಾಕ್ತೇನಿ ಅಂತ ಮಾಂತೇಶ ಮಾತ ಕೊಟ್ಟಿದ್ದ," ಎಂದಳು. "ಯಾರಿಗೂ ಗೊತ್ತಾಗಲಾರದಂಗ ಸರಿ ಮಾಡಿಸಿದ್ರಾತು ಅಂತ ತಿಳದೆ. ಮಳಿ ಮೊದಲ ಬಂತು."

"ಅವನ ಕಡಿಂದ ಏನರ ತಗೊಂಡಿಯೇನು?"

"ಕೊಟ್ರ್ಯಾ!" ಅವಳ ಕಣ್ಣು ತುಂಬಿತು. "ನನ್ನ ಹಂಗ ತಿಳಕೊಂಡಿ?"

ತಗೊಂಡಿದ್ದರೇ ಚೆನ್ನಾಗಿತ್ತು ಅನಿಸಿತು ಕೊಟ್ರೇಶನಿಗೆ. ಲಂಚ ತಿಂದವರ ಮೇಲೆ ಹೇಗೆ ಸಿಟ್ಟು ಮಾಡಬೇಕೆಂದು ಇಲಾಖೆ ಅವನಿಗೆ ಕಲಿಸಿತ್ತು. ಇದು ಬೇರೆ. ಇದನ್ನು ಅಕ್ಕ ತಮ್ಮ ಇಬ್ಬರೂ ಕಲಿತದ್ದು ಒಂದೇ ಅಡುಗೆಮನೆಯಲ್ಲಿ. ಹಾಲು ಒಡೆದರೆ ಬೀಗರು ಬರುವುದರೊಳಗೆ ಮುಚ್ಚಿಡು. ಅಪ್ಪನಿಗೂ ಕಾಕನಿಗೂ ಜಗಳವಾದರೆ ಕಿಟಕಿ ಹಾಕು. ಮಂದಿ ಏನಂದಾರು? ಒಡೆದ ಹಾಲಿನ ಜಾಗದಲ್ಲಿ ಅಕ್ಕ ಒಂದು ಹೆದ್ದಾರಿಯನ್ನೇ ಮುಚ್ಚಿಟ್ಟಿದ್ದಳು. ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ ಎಂಬ ಯೋಚನೆ ಬಂದು ಅವನಿಗೆ ಮೈ ಹಿಡಿಯಾಯಿತು.

"ತೌಹೀದ?" ಎಂದ.

"ಚೀಟಿ ಹಚ್ಚು ಅಂದಾಕಿ ನಾನು. ಇದು ತಪ್ಪಾಗತೈತ್ರಿ ಮೇಡಂ ಅಂದ. ನಾ ಇರೂಮಟಾ ನಿನಗೇನೂ ಆಗಂಗಿಲ್ಲ ಅಂದೆ."

"ಅದಕ್ಕs ಅಂವ ಬಾಯಿ ಬಿಟ್ಟಿಲ್ಲ. ನಾ ಕೇಳಿದ್ದಕ್ಕೆಲ್ಲಾ ಸುಮ್ಮನ ನೆಲಾ ನೋಡ್ತಾನ. ನಿನ್ನ ಹಾದಿ ಕಾಯಾಕತ್ತಾನ ಅಕ್ಕಾ. ನಾ ಏನ ಮಾಡೇನಿ ಗೊತ್ತೈತೇನು? ಅವನ ತಾಯಿ ಸೆರಗ ಒಡ್ಡಿ ಬೇಡಕೋತಿದ್ರ, ಅಕಿ ಮುಂದs ಬೇಡಿ ಹಾಕೇನಿ."

ಶ್ವೇತಾ ಮುಖ ಮುಚ್ಚಿಕೊಂಡಳು. ಹೊರಗೆ ಯಾರೋ ಸಹಿಗೆಂದು ಬಂದು ಬಾಗಿಲು ತಟ್ಟಿ, ಕಾದು, ಹೋದರು. ಅವಳು ಎದ್ದು ಬೇಸಿನ್ನಿನಲ್ಲಿ ಮುಖ ತೊಳೆದುಕೊಂಡಳು. ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

"ನಡಿ. ಕೋರ್ಟಿನಾಗ ಹೇಳತೇನಿ. ನನ್ನ ಬಾಯಿಲೆ ಹೇಳತೇನಿ."

ಕೊಟ್ರೇಶನ ಎದೆ ಒಮ್ಮೆಲೇ ಹಗುರಾಯಿತು, ಮರುಗಳಿಗೆ ಕುಸಿಯಿತು. ಇವಳೇ ತನ್ನ ಅಕ್ಕ ಎಂದು ಹೆಮ್ಮೆಪಟ್ಟ. ಹೆಮ್ಮೆಪಡುತ್ತಲೇ ಅವಳನ್ನು ಜೀಪಿನ ಹಿಂದಿನ ಸೀಟಿಗೆ ಹತ್ತಿಸಿ ತಾನೂ ಪಕ್ಕದಲ್ಲಿ ಕೂತ.

ರಾಣೆಬೆನ್ನೂರಿನ ದಾರಿಯಲ್ಲಿ ತಿರಕಪ್ಪ ಎಂದೂ ಇಲ್ಲದಷ್ಟು ಮನಸ್ಸಿಟ್ಟು ಗಾಡಿ ಓಡಿಸುತ್ತಿದ್ದ. ಮೋಟೆಬೆನ್ನೂರು ದಾಟಿದ ಮೇಲೆ ಕೊಟ್ರೇಶನ ಫೋನು ಬಡಿದುಕೊಂಡಿತು. ಮೇಲಿನ ಸಾಹೇಬರು.

"ಕೊಟ್ರೇಶ್, ಆ ರಸ್ತೆ ಕೇಸಿಂದು. ಬೆಂಗಳೂರಿನಿಂದ ಆದೇಶ ಬಂದಿದೆ. ಮೇಲ್ವಿಚಾರಣೆ ಈಗ ರಾಜ್ಯದ್ದು ತಾನೆ? ಹಾಗಾಗಿ ತಾಂತ್ರಿಕ ತನಿಖೆ ರಾಜ್ಯದ ಘಟಕವೇ ಮಾಡುತ್ತಂತೆ. ಅವರ ವರದಿ ಬರೋ ತನಕ ನೀವು ಮುಂದುವರಿಸಬೇಡಿ. ಕೋರುಗಳನ್ನ ಅವರ ವಶಕ್ಕೆ ಕೊಟ್ಟುಬಿಡಿ."

"ಯಾರ ವಶಕ್ಕ ಸರ್?"

"ಘಟಕದ ಮುಖ್ಯಸ್ಥರಿಗೆ. ನಿಮ್ಮ ಅಕ್ಕಾನೇ ಅಲ್ವಾ? ಒಳ್ಳೇದೇ ಆಯ್ತು ಬಿಡಿ, ಓಡಾಟ ತಪ್ಪಿತು."

ಫೋನು ಇಟ್ಟ. ಅಷ್ಟರಲ್ಲಿ ಶ್ವೇತಾಳ ಫೋನು ಶುರುವಾಗಿತ್ತು. ಅವಳು ಕೇಳಿಸಿಕೊಂಡಳು. "ಹೌದ್ರಿ ಸರ್" ಎಂದಳು. ಇನ್ನೊಮ್ಮೆ "ಹೌದ್ರಿ" ಎಂದಳು. ಒಂದು ಸಲ ತಮ್ಮನ ಮುಖ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಆತ್ರಿ ಸರ್, ನಾನs ಮಾಡತೇನಿ" ಎಂದಳು.

ಕೊಟ್ರೇಶನಿಗೆ ಆಗ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮೊದಲು ಆದದ್ದು ಸಮಾಧಾನ, ಬಿಸಿಲಿನಲ್ಲಿ ನಡೆದು ಬಂದವನಿಗೆ ನೀರು ಸಿಕ್ಕಂಥ ಸಮಾಧಾನ. ಇನ್ನು ತಾನು ನಿರ್ಧರಿಸಬೇಕಾಗಿಲ್ಲ, ಆದೇಶವೇ ಇದೆ. ಅದರ ಬೆನ್ನಿಗೇ ನಾಚಿಕೆ ಬಂತು, ಮೈಯೆಲ್ಲ ಸುಡುವಂಥದ್ದು. ಅವನು ಸೀಟಿನಲ್ಲಿ ಸ್ವಲ್ಪ ಆಚೆ ಸರಿದು ಕೂತ.

"ಕೊಟ್ರ್ಯಾ," ಎಂದಳು ಶ್ವೇತಾ, ತಿರಕಪ್ಪನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ. "ಹಾವೇರಿಯೊಳಗ ನಾ ನಿನಗೇನೂ ಹೇಳಿಲ್ಲ."

"ಅಕ್ಕಾ..."

"ಪೂರಾ ಕೇಳು. ಈಗ ನನ್ನ ಕೈಯಾಗ ಬಂದೈತಿ. ಆ ಹುಡುಗನ್ನ ನಾನs ಬಿಡಸತೇನಿ. ಯಂತ್ರ ಕೆಟ್ಟಿತ್ತು, ಯಾರ ತಪ್ಪೂ ಅಲ್ಲ ಅಂತ ಬರೀತೇನಿ. ಅಂವ ಉಳೀತಾನ, ನಾ ಉಳೀತೇನಿ, ನಿನಗೂ ನಿನ್ನ ಅಕ್ಕನ ಮ್ಯಾಲೆ ಕೇಸ್ ಹಾಕೂದು ತಪ್ಪತೈತಿ. ಇದರಾಗ ಯಾರಿಗೆ ಲುಕ್ಸಾನ ಐತಿ ಹೇಳು?"

"ಫಕ್ಕೀರವ್ವಗ."

ಶ್ವೇತಾ ಕಿಟಕಿಯಾಚೆ ನೋಡತೊಡಗಿದಳು. ಕೊಟ್ರೇಶ ಇನ್ನೂ ಏನಾದರೂ ಹೇಳಬೇಕಿತ್ತು. ಗಾಡಿ ತಿರುಗಿಸು ಅನ್ನಬಹುದಿತ್ತು, ಆದೇಶ ಒಪ್ಪುವುದಿಲ್ಲ ಅನ್ನಬಹುದಿತ್ತು. ಒಂದು ಹೆಸರು ಹೇಳಿ ತನ್ನ ಕೆಲಸ ಮುಗಿಯಿತು ಎಂಬಂತೆ ಕೂತ. ರಾಣೆಬೆನ್ನೂರಿನ ಆಟೋಗಳ ಗದ್ದಲ ಬಂದು ಮಾತಾಡದಿರುವುದಕ್ಕೆ ಒಂದು ನೆಪವನ್ನೂ ಕೊಟ್ಟಿತು.

ಕೋರ್ಟಿನ ಗೇಟಿನಲ್ಲಿ ದೌಲತಬಿ ನಿಂತಿದ್ದಳು. ಜೀಪು ನಿಲ್ಲುವುದೇ ತಡ, ಓಡಿ ಬಂದಳು.

"ಏನರ ಸಿಕ್ತೇನ್ರಿ ಸಾಹೇಬ್ರ? ನನ ಬೇಟಾ ಮಾಡಿಲ್ರಿ. ಖರೇ ಹೇಳತೇನಿ, ಮಾಡಿಲ್ಲ."

ಕೊಟ್ರೇಶ ಕೆಳಗಿಳಿದ. ಆಕೆಯ ಕಣ್ಣು ತಪ್ಪಿಸಿ ಆಕೆಯ ಭುಜದಾಚೆ ಇದ್ದ ಬೇವಿನ ಮರ ನೋಡಿದ.

"ಇನ್ನೂ ಇಲ್ಲವ್ವ," ಎಂದ.

ಅದು ಅವನು ಆ ದಿನ ಆಡಿದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು.

"ಸಿಗತೈತ್ರಿ," ಎಂದಳು ದೌಲತಬಿ. "ನೀವು ನಮ್ಮವರು ಅದೀರಿ. ದಿಲ್ಲಿಯವರು ಯಾರರ ಬಂದಿದ್ರ ನನಗ ಭರೋಸಾನ ಇರತಿರಲಿಲ್ಲ. ಅವರಿಗಿ ನನ್ನ ಮಗಾ ಯಾರು, ನಾ ಯಾರು? ಇವರು ಯಾರ್ರಿ, ಈ ಮೇಡಮ್ಮಾರು?"

ಜೀಪಿನಿಂದ ಇಳಿಯುತ್ತಿದ್ದ ಶ್ವೇತಾ ಕಾಲು ನೆಲಕ್ಕಿಡದೆ ನಿಂತಳು. ಕೊಟ್ರೇಶ ಮತ್ತೆ ಬೇವಿನ ಮರದ ಕಡೆ ತಿರುಗಿದ್ದನ್ನು ನೋಡಿ ಪಾಪದ ತಿರಕಪ್ಪನೇ ಹೇಳಿದ, "ಈ ರಸ್ತಾದ ದೊಡ್ಡ ಆಫೀಸರ್ರು ಅವರು."

ಅಷ್ಟು ಸಾಕಾಯಿತು. ದೌಲತಬಿ ಹೋಗಿ ಶ್ವೇತಾಳ ಎರಡೂ ಕೈ ಹಿಡಿದಳು. ಹಣೆಗೆ ಒತ್ತಿಕೊಂಡಳು.

"ಅವ್ವಾ, ಒಬ್ಬಾಂವ ಮಗಾ ಅದಾನ. ನೀವs ಕಾಯ್ಬೇಕು."

ಶ್ವೇತಾ ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳುವ ಶಕ್ತಿ ಅವಳಲ್ಲಿ ಇದ್ದಂತೆಯೂ ಕಾಣಲಿಲ್ಲ. ಆಗಲೇ ಪೊಲೀಸ್ ವ್ಯಾನು ಬಂದು ನಿಂತಿತು. ಇಬ್ಬರು ಪೇದೆಗಳು ತೌಹೀದನನ್ನು ಇಳಿಸಿದರು. ಗಡ್ಡ ಬೆಳೆದಿತ್ತು, ಅಂಗಿ ಮಾಸಿತ್ತು. ಯಾವಾಗಲೂ ನೆಲ ನೋಡುವ ಆ ಹುಡುಗ ಈ ಸಲ ತಲೆಯೆತ್ತಿ ಗೇಟಿನ ಕಡೆ ನೋಡಿದ. ತಾಯಿಯನ್ನು ಕಂಡ. ತಾಯಿಯ ಕೈಯಲ್ಲಿದ್ದ ಕೈ ಯಾರದೆಂದು ಕಂಡ.

ಅವನ ಮುಖ ಅರಳಿತು.

"ಅಮ್ಮೀ!" ಎಂದು ಕೂಗಿದ. ಗೇಟಿನಲ್ಲಿದ್ದ ವಕೀಲರು, ಚಹಾದವನು, ಕಕ್ಷಿದಾರರು ಎಲ್ಲ ತಿರುಗಿದರು. "ನಾ ಹೇಳಿರಲಿಲ್ಲಾ, ಮೇಡಮ್ಮಾರು ಬಂದs ಬರತಾರಂತ? ಅವರು ಮಾತ ಕೊಟ್ಟಾರ ಅಮ್ಮೀ! ಮೇಡಂ, ಇನ್ನ ಹೇಳಿಬಿಡ್ರಿ. ಎಲ್ಲಾರೂ ಇಲ್ಲೇ ಅದಾರ. ಹಲಗೇರಿಯೊಳಗ ಏನಾತಂತ ಹೇಳಿಬಿಡ್ರಿ!"

ಎಲ್ಲರ ಕಣ್ಣೂ ಶ್ವೇತಾಳ ಮೇಲೆ ಬಿತ್ತು. ಅವಳ ತುಟಿ ಅಲುಗಿತು. ಹೇಳುವವಳಿದ್ದಳೋ, ಅಲ್ಲಗಳೆಯುವವಳಿದ್ದಳೋ, ಯಾರಿಗೂ ತಿಳಿಯುವ ಮೊದಲೇ ಒಂದು ದನಿ ಗದರಿತು.

"ಏನ ನೋಡಕೋತ ನಿಂತೀರಿ? ಎಳಕೊಂಡ ನಡೀರಿ ಅವನ್ನ ಒಳಗ!"

ಅದು ತನ್ನದೇ ದನಿ ಎಂದು ಕೊಟ್ರೇಶನಿಗೆ ಗೊತ್ತಾದದ್ದು ಪೇದೆಗಳು ಸೆಲ್ಯೂಟು ಹೊಡೆದ ಮೇಲೆ. ಅವರು ತೌಹೀದನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದರು. ಹುಡುಗ ಹಿಂತಿರುಗಿ ಈ ಸಲ ಮೇಡಮ್ಮಾರನ್ನಲ್ಲ, ಇನ್‌ಸ್ಪೆಕ್ಟರನನ್ನು ನೋಡುತ್ತಲೇ ಒಳಗೆ ಹೋದ. ದೌಲತಬಿ ಶ್ವೇತಾಳ ಕೈಗಳನ್ನು ನಿಧಾನಕ್ಕೆ ಬಿಟ್ಟು ಕೊಟ್ರೇಶನ ಕಡೆ ತಿರುಗಿದಳು.

"ಹಲಗೇರಿಯೊಳಗ ಏನಾತ್ರಿ ಸಾಹೇಬ್ರ?" ಎಂದು ಕೇಳಿದಳು.